ಹೊಸ ಗೇಮ್ ಬರೆಯುವವರು ನಮ್ಮ ಹಳೆಯ ಪೆಟ್ಟಿಗೆಯನ್ನೂ ಲೆಕ್ಕಕ್ಕೆ ಹಿಡಿಯಲಿ

ಮಾನ್ಯ ಸಂಪಾದಕರೇ,

ಹಳೆಯ ಟಿವಿ ವಿಡಿಯೊ ಗೇಮ್ ಎಂದೊಡನೆ ಪತ್ರಿಕೆಗಳಲ್ಲಿ ಬರುವುದು ಬೇಸಿಗೆ ರಜೆ, ಹಳದಿ ಕ್ಯಾಸೆಟ್, ಅದರ ಬಾಯಿಗೆ ಊದಿದ ನೆನಪು. ಆ ಪೆಟ್ಟಿಗೆಗಳಿಗೆ ಇವತ್ತಿಗೂ ಹೊಸ ಗೇಮ್ ತಯಾರಾಗುತ್ತಿರುವುದು ಮಾತ್ರ ಸುದ್ದಿಯಾಗುವುದಿಲ್ಲ. ಅವುಗಳ ಮೂಲವಾದ ಫ್ಯಾಮಿಕಾಮ್ ಯಂತ್ರವನ್ನು ನಿಂಟೆಂಡೊ ಜಪಾನಿನಲ್ಲಿ ಬಿಟ್ಟಿದ್ದು 1983ರಲ್ಲಿ, ತಯಾರಿಕೆ ನಿಲ್ಲಿಸಿದ್ದು 2003ರಲ್ಲಿ. ಹವ್ಯಾಸಿಗಳ ಕೈಯಿಂದ ‘ಬ್ಯಾಟಲ್ ಕಿಡ್’ ಬಂದಿದ್ದು 2010ರಲ್ಲಿ, ‘ಮೈಕ್ರೊ ಮೇಜಸ್’ 2019ರಲ್ಲಿ. ಈ ಎರಡನೆಯದು ಚಿತ್ರ, ಸಂಗೀತ ಎಲ್ಲ ಸೇರಿ 40 ಕಿಲೋಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದಿರುತ್ತದೆ.

ಇಂಥ ಗೇಮ್ ಬರೆಯಲು ಕೂರುವ ನಮ್ಮವರಲ್ಲಿ ಒಂದು ತಕರಾರಿದೆ. ಹಳೆಯ ಪೆಟ್ಟಿಗೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರಿನಲ್ಲಿ ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ ಸೆಟ್ಟಿಂಗ್ ಇಟ್ಟು ಓಡಿಸಿ, ‘ಮುಗಿಯಿತು’ ಎಂದು ಕೈತೊಳೆದುಕೊಳ್ಳುತ್ತಾರೆ. ನಮ್ಮ ಅಟ್ಟಗಳಲ್ಲಿ ಇರುವುದು ಆ ಯಂತ್ರವಲ್ಲ, ನಮ್ಮಲ್ಲಿನ ಪಾಲ್ ಪದ್ಧತಿಯ ಟಿವಿಗೆಂದು ಮಾಡಿದ ಫ್ಯಾಮಿಕಾಮ್ ತದ್ರೂಪಿ. ‘ಹಾಗಾದರೆ ಪಾಲ್ ಸೆಟ್ಟಿಂಗ್ ಹಾಕಿದರಾಯಿತು’ ಎಂದರೆ ಅದೂ ತಪ್ಪು, ಎಡವುವುದು ಅಲ್ಲಿಯೇ.

ಯಾಕೆಂದರೆ ಪರದೆಯ ಚಿತ್ರ ಬದಲಿಸಲು ಪ್ರೊಗ್ರಾಮಿಗೆ ಸಿಗುವ ಬಿಡುವು ಒಂದು ಫ್ರೇಮ್ (ಪರದೆ ತುಂಬ ಮೂಡುವ ಒಂದು ಚಿತ್ರ) ಮುಗಿದು ಇನ್ನೊಂದು ಶುರುವಾಗುವ ನಡುವೆ ಮಾತ್ರ. ಎನ್‌ಟಿಎಸ್‌ಸಿ ಯಂತ್ರದಲ್ಲಿ ಅದು ಟಿವಿ ಚಿತ್ರದ 20 ಗೆರೆಗಳಷ್ಟು ಹೊತ್ತು, ಅಂದರೆ ಪ್ರೊಸೆಸರಿನ ಗಡಿಯಾರದ ಸುಮಾರು 2,273 ಬಡಿತ, ಅಥವಾ ಸೈಕಲ್. ಯೂರೋಪಿನ ಅಸಲಿ ಪಾಲ್ ಯಂತ್ರದಲ್ಲಿ 70 ಗೆರೆ, ಸುಮಾರು 7,460 ಸೈಕಲ್. ಪಾಲ್ ತದ್ರೂಪಿಗಳಲ್ಲಿ ಹೆಚ್ಚಿನವು ಮೂರನೆಯ ಜಾತಿ. ಫ್ರೇಮಿನಲ್ಲಿ ಪಾಲ್‌ನಂತೆ 312 ಗೆರೆ ಇದ್ದರೂ, ಚಿತ್ರ ಮುಗಿದ ಮೇಲೆ 51 ಗೆರೆ ಸುಮ್ಮನೆ ಕಳೆದು ಆಮೇಲಷ್ಟೇ ಬಿಡುವಿನ ಗಂಟೆ ಬಾರಿಸುತ್ತವೆ. ಉಳಿಯುವುದು ಮತ್ತೆ 20 ಗೆರೆಯೇ. ಜಪಾನಿನ ಗೇಮ್‌ಗಳು ಕೆಡದೆ ಓಡಲಿ ಎಂದು ಹಾಗೆ ಮಾಡಿದ್ದು. 1992ರಲ್ಲಿ ರಷ್ಯಾದಲ್ಲಿ ಮಾರಾಟಕ್ಕೆ ಬಂದ ಇಂಥದೇ ಪೆಟ್ಟಿಗೆಯ ಹೆಸರಿನಿಂದ ಇದಕ್ಕೆ ‘ಡೆಂಡಿ’ ಎಂದೇ ರೂಢಿ. ಮೆಸೆನ್ ಎಮ್ಯುಲೇಟರಿನಲ್ಲಿ ಆ ಹೆಸರಿನ ಆಯ್ಕೆಯೇ ಇದೆ, ಅದನ್ನು ಒತ್ತಿ ನೋಡಬೇಕು.

ಲೆಕ್ಕ ಹಾಕಿ. 2,273ರಲ್ಲಿ ಸ್ಪ್ರೈಟ್ (ಪರದೆಯಲ್ಲಿ ಓಡಾಡುವ ಬೊಂಬೆ) ಪಟ್ಟಿಯನ್ನು ಡಿಎಂಎ (ಒಂದೇ ಏಟಿಗೆ ನಕಲು) ಮೂಲಕ ಸಾಗಿಸಲು 513 ಇಲ್ಲವೇ 514 ಹೋಯಿತು. 30 ಟೈಲ್‌ಗಳ (ಚಿತ್ರದ ಪುಟ್ಟ ಚೌಕಗಳ) ಒಂದು ಕಂಬವನ್ನು ಲೂಪ್ (ಅವೇ ಆದೇಶಗಳನ್ನು ಮತ್ತೆ ಮತ್ತೆ ನಡೆಸುವುದು) ಹಾಕಿ ಬರೆದರೆ ಟೈಲಿಗೆ 13 ಸೈಕಲ್, ಒಟ್ಟು 390. ಲೂಪ್ ಬಿಡಿಸಿ ಸಾಲಾಗಿ ಬರೆದರೆ ಟೈಲಿಗೆ 8, ಒಟ್ಟು 240. ಲೂಪಿನಲ್ಲಿ ನಾಲ್ಕು ಕಂಬ ದಾಟಿದಿರೋ, ಚಿತ್ರ ಮೂಡುತ್ತಿರುವಾಗಲೇ ವಿಳಾಸದ ರಿಜಿಸ್ಟರ್ ಅಲುಗಿ ಪರದೆ ಜಿಗಿಯುತ್ತದೆ, ಎಲ್ಲಿಯದೋ ಟೈಲ್ ಎಲ್ಲಿಯೋ ಕೂರುತ್ತದೆ. ಪಾಲ್ ಸೆಟ್ಟಿಂಗಿನಲ್ಲಿ ಇದು ಕಾಣುವುದೇ ಇಲ್ಲ, ಅಲ್ಲಿ ಬಿಡುವು ಧಾರಾಳ. ಇಡೀ ಪರದೆಯ 960 ಟೈಲ್ ಬದಲಿಸಬೇಕಿದ್ದರೆ ಚಿತ್ರ ಮೂಡುವುದನ್ನು ನಿಲ್ಲಿಸಿಯೇ ಬರೆಯಬೇಕು.

ವೇಗದ ಮಾತು ಬೇರೆ. ಸೆಕೆಂಡಿಗೆ 60 ಬದಲು 50 ಫ್ರೇಮ್ ಆದ್ದರಿಂದ ಆಟ, ಹಾಡು ಎರಡೂ ಆರರಲ್ಲೊಂದು ಪಾಲು ನಿಧಾನ. ಶ್ರುತಿ ಮಾತ್ರ ಹೆಚ್ಚೇನೂ ಇಳಿಯದು, ಡೆಂಡಿಯಲ್ಲಿ ಪ್ರೊಸೆಸರ್ ವೇಗ 1.79ರ ಬದಲು 1.77 ಮೆಗಾಹರ್ಟ್ಸ್ ಅಷ್ಟೇ. ಐದನೇ ಫ್ರೇಮಿಗೊಮ್ಮೆ ಸಂಗೀತದ ರುಟೀನನ್ನು ಎರಡು ಸಲ ಕರೆದರೆ ಲಯ ಸರಿಹೋಗುತ್ತದೆ. ಯಾವ ಯಂತ್ರ ಎಂದು ತಿಳಿಯಲು ಎರಡು ಎನ್‌ಎಂಐಗಳ (ಮೇಲೆ ಹೇಳಿದ ಬಿಡುವಿನ ಗಂಟೆಗಳ) ನಡುವಿನ ಸೈಕಲ್ ಎಣಿಸಿದರೆ ಸಾಕು: ಎನ್‌ಟಿಎಸ್‌ಸಿಯಲ್ಲಿ ಸುಮಾರು 29,780, ಅಸಲಿ ಪಾಲ್‌ನಲ್ಲಿ 33,247, ಡೆಂಡಿಯಲ್ಲಿ 35,464.

ಎಷ್ಟೋ ತದ್ರೂಪಿಗಳಲ್ಲಿ ಸ್ವರ ನುಡಿಸುವ ಪಲ್ಸ್ ಚಾನೆಲ್ಲಿನ 25 ಮತ್ತು 50 ಶೇಕಡಾ ಡ್ಯೂಟಿ (ದನಿಯ ಅಲೆ ಮೇಲೆ ನಿಲ್ಲುವ ಹೊತ್ತಿನ ಪಾಲು) ಅದಲುಬದಲಾಗಿರುವುದೂ ಉಂಟು. ತೆಳ್ಳಗಿರಬೇಕಾದ ದನಿ ಕೊಳಲಿನಂತೆ ದುಂಡಗಾಗುತ್ತದೆ. ಇದಕ್ಕೂ ಮೆಸೆನ್‌ನಲ್ಲಿ ಆಯ್ಕೆಯಿದೆ. ಹಾಗೆಯೇ ರ‍್ಯಾಮ್ ಸೊನ್ನೆಯಿಂದ ಶುರುವಾಗುತ್ತದೆ ಎಂದು ನಂಬಬೇಡಿ. ನಿಜವಾದ ಚಿಪ್ಪಿನ 2 ಕಿಲೋಬೈಟ್‌ನಲ್ಲಿ ವಿದ್ಯುತ್ ಬಂದ ಕ್ಷಣ ಏನೇನೋ ಇರುತ್ತದೆ. ‘ಒಂದೊಂದು ಸಲ ಮಾತ್ರ ಕೈಕೊಡುತ್ತದೆ’ ಎಂಬ ಗೇಮ್‌ಗಳ ಕಾಯಿಲೆ ಬಹುಪಾಲು ಇದೇ.

ಕ್ಯಾಸೆಟ್ ಮಾಡುವವರಿಗೆ: ಸರಳ ಎನ್‌ರಾಮ್ ಬೋರ್ಡಿಗೆ ಪ್ರೊಗ್ರಾಮ್ ತುಂಬಲು 32 ಕಿಲೋಬೈಟಿನ 27ಸಿ256 ಮೆಮೊರಿ ಚಿಪ್ ಒಂದು, ಚಿತ್ರಗಳಿಗೆ 8 ಕಿಲೋಬೈಟಿನ 27ಸಿ64 ಒಂದು, ಎರಡು 28 ಕಾಲಿನ ಸಾಕೆಟ್, ಚಿಪ್ಪಿಗೊಂದರಂತೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಸಾಕು. ಬೋರ್ಡ್ 1.2 ಮಿ.ಮೀ. ದಪ್ಪ ಇರಲಿ, 1.6 ಹಾಕಿದರೆ ಪೆಟ್ಟಿಗೆಯ ಪಿನ್‌ಗಳು ಅಗಲಿ, ಆಮೇಲೆ ಹಳೆಯ ಕ್ಯಾಸೆಟ್‌ಗಳೂ ಹಿಡಿಯುವುದಿಲ್ಲ. ಒಂದರಲ್ಲೇ ಹಲವು ಗೇಮ್ ಇರುವ ಅಗ್ಗದ ‘ಇನ್ 1’ ಕ್ಯಾಸೆಟ್ ಬಿಚ್ಚಿ ಚಿಪ್ ಬದಲಿಸುವ ಆಸೆ ಬೇಡ, ಒಳಗೆ ಸಿಗುವುದು ಸಾಮಾನ್ಯವಾಗಿ ಕರಿ ಅಂಟಿನ ಗುಳ್ಳೆಯಡಿ ಹುದುಗಿದ ಚಿಪ್. 27ಸಿ256 ಬದಲು 64 ಕಿಲೋಬೈಟಿನ ಡಬ್ಲ್ಯು27ಸಿ512 ಹಾಕುವುದಾದರೆ ಫೈಲನ್ನು ಬೆನ್ನಿಗೆ ಬೆನ್ನು ಎರಡು ಸಲ ತುಂಬಿ. ಇಲ್ಲದಿದ್ದರೆ ರೀಸೆಟ್ ವಿಳಾಸ ಹುಡುಕುವ ಜಾಗ ಖಾಲಿಯಿದ್ದು ಪರದೆ ಬರೀ ಬೂದಿಬಣ್ಣ. ಫೈಲಿನ ಮೊದಲ 16 ಬೈಟ್ ಎಮ್ಯುಲೇಟರಿಗಾಗಿ ಇರುವ ಹೆಡರ್, ಅದನ್ನು ಕತ್ತರಿಸಿಯೇ ಚಿಪ್ಪಿಗೆ ಬರೆಯಬೇಕು.

ಎಲ್ಲ ಸರಿಯಾಗಿ, ಚಿತ್ರ ಬಂದು, ದನಿ ಮಾತ್ರ ಬರಲಿಲ್ಲವೇ? 60 ಪಿನ್ನಿನ ಕ್ಯಾಸೆಟ್‌ನಲ್ಲಿ 45 ಮತ್ತು 46ನೇ ಪಿನ್ ನೋಡಿ. ಪೆಟ್ಟಿಗೆಯ ದನಿ ಒಂದರಿಂದ ಕ್ಯಾಸೆಟ್ಟಿನೊಳಗೆ ಬಂದು ಇನ್ನೊಂದರಿಂದ ವಾಪಸು ಟಿವಿಗೆ ಹೋಗುತ್ತದೆ. ಎರಡನ್ನೂ ಒಂದು ತುಂಡು ತಂತಿಯಿಂದ ಬೆಸೆಯದಿದ್ದರೆ ಮೌನ. ಸ್ಪೀಕರ್ ಬದಲಿಸಿ, ಕೇಬಲ್ ಬದಲಿಸಿ ದಿನ ಕಳೆಯುವ ಮೊದಲು ಇದನ್ನು ನೋಡಿ.

ಕನ್ನಡದಲ್ಲಿ ಗೇಮ್ ಮಾಡುವವರಿಗೆ ಇನ್ನೊಂದು ತೊಡಕು ಕಾದಿದೆ. ಇಂಗ್ಲಿಷ್ ಅಕ್ಷರ 8 ಚುಕ್ಕೆ ಉದ್ದ, 8 ಚುಕ್ಕೆ ಅಗಲದ ಒಂದು ಟೈಲಿನಲ್ಲಿ ಕೂರುತ್ತದೆ. ‘ಗೇಮ್ ಓವರ್’ ಎಂದು ಇಂಗ್ಲಿಷಿನಲ್ಲಿ ಬರೆಯಲು, ಎರಡು ಸಲ ಬರುವ ‘ಇ’ಗೆ ಒಂದೇ ಸಾಕಾದ್ದರಿಂದ, ಏಳೇ ಟೈಲ್. ‘ಆಟ ಮುಗಿಯಿತು’ ಎನ್ನಲು ಆ, ಟ, ಗಿ, ತುಗೆ ತಲಾ ನಾಲ್ಕು, ಅಗಲವಾದ ಮು, ಯಿಗೆ ತಲಾ ಆರು, ಒಟ್ಟು 28. ಹಿನ್ನೆಲೆಗೆ ಇರುವುದೇ 256 ಟೈಲ್. ಒತ್ತಕ್ಷರ ಬಂದರೆ ಕೆಳಗೆ ಇನ್ನೊಂದು ಸಾಲು ಟೈಲ್ ತಿನ್ನುತ್ತದೆ. ಹಾಗಾಗಿ ಪೂರ್ತಿ ವರ್ಣಮಾಲೆಯ ಫಾಂಟ್ ಮಾಡಲು ಹೋಗದೆ, ಬೇಕಾದ ಸಾಲುಗಳನ್ನಷ್ಟೇ ಚಿತ್ರವಾಗಿ ಬರೆದು, ಒಂದೇ ತೆರನಾದ ಟೈಲ್‌ಗಳನ್ನು ಸ್ಕ್ರಿಪ್ಟಿನಿಂದ ಕೂಡಿಸಿಬಿಡುವುದು ಜಾಣತನ. ಅಕ್ಷರಕ್ಕೆ ಒಂದೇ ಬಣ್ಣ ಸಾಕಾದರೆ, ಚುಕ್ಕೆಗೆ ಎರಡು ಬಿಟ್ ಇರುವ ಟೈಲಿನಲ್ಲಿ ಎರಡು ಅಕ್ಷರಚಿತ್ರ ಅಡಗಿಸಿ, ಪ್ಯಾಲೆಟ್ (ಬಣ್ಣಗಳ ಪಟ್ಟಿ) ಬದಲಿಸಿ ಒಂದೊಂದನ್ನೇ ತೋರಿಸಬಹುದು. ಆದರೆ ಪ್ಯಾಲೆಟ್ ಬದಲಾಗುವುದು 16 ಚುಕ್ಕೆಯ ಚೌಕಕ್ಕೊಮ್ಮೆ, ಅಕ್ಷರವನ್ನು ಆ ಚೌಕಕ್ಕೆ ಸರಿಯಾಗಿ ಕೂರಿಸಬೇಕು.

ಬಿಟ್ಟಿ ಸಿಗುವ ಹವ್ಯಾಸಿ ಗೇಮ್‌ಗಳನ್ನು ಕೇಳದೆ ಕ್ಯಾಸೆಟ್ ಮಾಡಿ ಮಾರುವವರೂ ಇದ್ದಾರೆ. ಅದರ ಮೇಲೆ 5 ವೋಲ್ಟಿನ ಪೆಟ್ಟಿಗೆಗೆ 3.3 ವೋಲ್ಟಿನ ಫ್ಲಾಶ್ ಚಿಪ್ಪನ್ನು ನೇರವಾಗಿ ಬೆಸೆದಿರುತ್ತಾರೆ. ಕೊಳ್ಳುವವರು ಒಳಗಿನ ಬೋರ್ಡಿನ ಫೋಟೊ ಕೇಳಿಯೇ ಹಣ ಕೊಡಲಿ. ಗೇಮ್ ಬರೆಯುವವರು ಜೊತೆಗಿಡುವ ಟಿಪ್ಪಣಿಯಲ್ಲಿ ‘ಡೆಂಡಿಯಲ್ಲಿ ಓಡಿಸಿ ನೋಡಿದೆ’ ಅಥವಾ ‘ನೋಡಿಲ್ಲ’ ಎಂದು ಒಂದು ಸಾಲು ಬರೆಯಲಿ.

— ಹವ್ಯಾಸಿ ಓದುಗ, ಮೈಸೂರು