ಶಾಲಿನಿಯ ಪ್ರಶ್ನೆಗಳ ವಿಷಯವಾಗಿ ಅಪ್ಪಯ್ಯನಿಗೆ

ಕ್ಷೇಮ
ಕಾವಾಸಾಕಿ, ಜಪಾನ್

ತೀರ್ಥರೂಪು ಅಪ್ಪಯ್ಯನವರಿಗೆ ನಿಮ್ಮ ಮಗಳು ವಸುಧಾ ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಅಮ್ಮನ ಮಂಡಿನೋವು ಕಡಿಮೆಯಾಗಿದೆ ಎಂದು ತಿಳಿದು ಸಮಾಧಾನವಾಯಿತು.

ನಿಮ್ಮ ಪತ್ರ ಮೊನ್ನೆ ಕೈಸೇರಿತು. ಹೊಸನಗರದ ಕಡೆಯವರು ಆಷಾಢಕ್ಕೆ ಮೊದಲೇ ನಿಶ್ಚಿತಾರ್ಥ ಮುಗಿಸೋಣ ಎನ್ನುತ್ತಿರುವುದು, ಡಿಸೆಂಬರಿನ ಜಪಾನಿ ಭಾಷೆಯ ಪರೀಕ್ಷೆ ಮುಗಿಯುವವರೆಗೆ ಆ ಮಾತೇ ಬೇಡವೆಂದು ತಂಗಿ ಶಾಲಿನಿ ಹಟ ಹಿಡಿದಿರುವುದು, ಇದರಿಂದ ನಿಮಗೆ ರಾತ್ರಿ ಸರಿಯಾಗಿ ನಿದ್ರೆ ಬಾರದಿರುವುದು, ಎಲ್ಲವನ್ನೂ ಓದಿದೆ. ಅವಳು ನನಗೆ ಕಳುಹಿಸಬೇಕೆಂದು ಬರೆದಿಟ್ಟಿದ್ದ ಪ್ರಶ್ನೆಗಳ ಹಾಳೆಯನ್ನು ನೀವು ಅದೇ ಲಕೋಟೆಯಲ್ಲಿಟ್ಟು, “ಇಪ್ಪತ್ತನಾಲ್ಕು ತುಂಬಿದ ಹುಡುಗಿ ಕೇಳುವ ಪ್ರಶ್ನೆಗಳೇ ಇವು? ಕಾರ್ಟೂನಿನ ಬೊಂಬೆಗಳ ಹೆಸರನ್ನು ಯಾವ ಅಕ್ಷರದಲ್ಲಿ ಬರೆದರೆ ಇವಳಿಗೇನು?” ಎಂದು ಕೇಳಿದ್ದೀರಿ. ಆ ಪ್ರಶ್ನೆಗಳಿಗೆ ಉತ್ತರವನ್ನು ನಾನು ಅವಳಿಗೆ ಬರೆಯದೆ ನಿಮಗೇ ಬರೆಯುತ್ತಿದ್ದೇನೆ. ಜೀವಮಾನವೆಲ್ಲ ಮಕ್ಕಳಿಗೆ ಅಕ್ಷರ ಕಲಿಸಿದವರು ನೀವು; ಇವು ಎಂಥ ಪ್ರಶ್ನೆಗಳು ಎಂಬುದನ್ನು ಓದಿದ ಮೇಲೆ ನೀವೇ ತೀರ್ಮಾನಿಸಬೇಕು.

ಚೀನೀಯರಿಗೆ ಒಂದೇ ಬಗೆಯ ಬರವಣಿಗೆ ಸಾಕಾಗಿರುವಾಗ ಜಪಾನೀಯರಿಗೆ ಮೂರು ಏಕೆ ಬೇಕಾಯಿತು ಎಂಬುದು ಅವಳ ಮೊದಲ ಪ್ರಶ್ನೆ. ಜಪಾನೀಯರಿಗೆ ಮೊದಲು ಸ್ವಂತ ಲಿಪಿ ಇರಲಿಲ್ಲ. ಚೀನಾದ ಅಕ್ಷರಗಳು ಕೊರಿಯಾದ ಹಾದಿಯಾಗಿ ಇಲ್ಲಿಗೆ ಬಂದವು. ಆ ಅಕ್ಷರಗಳಲ್ಲಿ ಪ್ರತಿಯೊಂದೂ ಒಂದು ಅರ್ಥವನ್ನು ಹೊತ್ತಿರುತ್ತದೆ, ಮತ್ತು ಚೀನೀ ಭಾಷೆಯಲ್ಲಿ ಕ್ರಿಯಾಪದಕ್ಕೆ ನಮ್ಮಂತೆ ಕಾಲ, ಲಿಂಗ, ವಚನಗಳ ಪ್ರತ್ಯಯ ಹತ್ತುವುದಿಲ್ಲವಾದ್ದರಿಂದ ಅವರಿಗೆ ಅದರಲ್ಲಿ ತೊಂದರೆಯಾಗಲಿಲ್ಲ. ಜಪಾನಿ ಭಾಷೆಯ ನಡೆಯಾದರೋ ಕನ್ನಡಕ್ಕೆ ಬಹಳ ಹತ್ತಿರ. ಕರ್ತೃ ಮೊದಲು, ಕರ್ಮ ಆಮೇಲೆ, ಕ್ರಿಯಾಪದ ಕೊನೆಗೆ. ನಾಮಪದದ ಹಿಂದೆ ವಿಭಕ್ತಿಯಂತೆ ಪ್ರತ್ಯಯ ಬಂದು ಕೂಡುತ್ತದೆ. ನಮ್ಮಲ್ಲಿ ‘ತಿನ್ನು’ ಎಂಬುದು ‘ತಿಂದ’, ‘ತಿನ್ನಲಿಲ್ಲ’, ‘ತಿನ್ನಬೇಕು’ ಎಂದಾಗುವಂತೆ ಇವರ ಕ್ರಿಯಾಪದದ ತುದಿಯೂ ಬದಲಾಗುತ್ತ ಹೋಗುತ್ತದೆ. ಈ ತುದಿಯನ್ನು ಬರೆಯಲು ಚೀನೀ ಅಕ್ಷರಗಳಲ್ಲಿ ಅನುಕೂಲವಿರಲಿಲ್ಲ. ಆದ್ದರಿಂದ ಅದೇ ಅಕ್ಷರಗಳನ್ನು ಬಳ್ಳಿಯಂತೆ ಹರಿಯಬಿಟ್ಟು ಬರೆದು ‘ಹಿರಗಾನ’ ಎಂಬ ಧ್ವನಿಲಿಪಿಯನ್ನು ಮಾಡಿಕೊಂಡರು. ಗ್ರಂಥಗಳ ಸಾಲುಗಳ ನಡುವೆ ಟಿಪ್ಪಣಿ ಬರೆಯುತ್ತಿದ್ದ ಬೌದ್ಧ ಭಿಕ್ಷುಗಳು ಅಕ್ಷರದ ಒಂದು ತುಂಡನ್ನು ಮಾತ್ರ ಬಳಸುತ್ತ ‘ಕತಕಾನ’ವನ್ನು ರೂಢಿಸಿದರು. ಈಗ ಧಾತುವಿಗೆ ಚೀನೀ ಅಕ್ಷರ, ಪ್ರತ್ಯಯಕ್ಕೆ ಹಿರಗಾನ, ಹೊರಗಿನಿಂದ ಬಂದ ಪದಗಳಿಗೂ ನಮ್ಮಂಥವರ ಹೆಸರಿಗೂ ಕತಕಾನ. ಪದಗಳ ನಡುವೆ ಇವರು ಜಾಗ ಬಿಡುವುದಿಲ್ಲ. ಲಿಪಿ ಬದಲಾಗುವುದನ್ನು ನೋಡಿಯೇ ಒಂದು ಪದ ಎಲ್ಲಿ ಮುಗಿಯಿತೆಂದು ಕಣ್ಣು ಹಿಡಿಯುತ್ತದೆ. ಆಸ್ಥಾನದ ಸ್ತ್ರೀಯರು ಹಿರಗಾನದಲ್ಲೇ ಬರೆಯುತ್ತಿದ್ದರು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಮುರಾಸಾಕಿ ಶಿಕಿಬು ಎಂಬಾಕೆ ಬರೆದ ಗೆಂಜಿಯ ಕಥೆ ಇವರ ಸಾಹಿತ್ಯದ ಶಿಖರವೆನಿಸಿದೆ.

ಇನ್ನು ನಿಮಗೆ ಖಂಡಿತ ಸಂತೋಷ ಕೊಡುವ ವಿಷಯ. ಹಿರಗಾನದ ನಲವತ್ತಾರು ಅಕ್ಷರಗಳನ್ನು ಇಲ್ಲಿಯ ಮಕ್ಕಳು ‘ಅ, ಇ, ಉ, ಎ, ಒ’ ಎಂದು ಆರಂಭಿಸಿ, ಆಮೇಲೆ ‘ಕ, ಸ, ತ, ನ, ಹ, ಮ, ಯ, ರ, ವ’ ಎಂಬ ಕ್ರಮದಲ್ಲಿ ಕಲಿಯುತ್ತಾರೆ. ಸ್ವರಗಳು ಮೊದಲು, ಆಮೇಲೆ ಕಂಠದಿಂದ ಹೊರಟು ತುಟಿಯವರೆಗೆ ಬರುವ ವ್ಯಂಜನಗಳು, ‘ತ’ದ ನಂತರ ಅದರ ಅನುನಾಸಿಕ ‘ನ’, ಕೊನೆಗೆ ಅವರ್ಗೀಯಗಳು. ನಮ್ಮ ವರ್ಣಮಾಲೆಯ ಕ್ರಮವೇ ಇದು. ಸಂಸ್ಕೃತದ ಮಂತ್ರಗಳನ್ನು ಸಿದ್ಧಂ ಎಂಬ ಹಳೆಯ ಭಾರತೀಯ ಲಿಪಿಯಲ್ಲಿ ಅಭ್ಯಾಸ ಮಾಡುತ್ತಿದ್ದ ಭಿಕ್ಷುಗಳಿಂದ ಸುಮಾರು ಸಾವಿರ ವರ್ಷಗಳ ಹಿಂದೆ ಇದು ಜಪಾನಿನಲ್ಲಿ ನೆಲೆಯಾಯಿತು. ‘ಪ’ ಇರಬೇಕಾದ ಜಾಗದಲ್ಲಿ ‘ಹ’ ಏಕಿದೆ ಎಂದು ಶಾಲಿನಿ ಕೇಳಿದ್ದಾಳೆ. ಹಿಂದೆ ಇವರ ಬಾಯಲ್ಲಿ ಅದು ‘ಪ’ ಆಗಿಯೇ ಇತ್ತು. ಹಳಗನ್ನಡದ ‘ಪಾಲ್’ ಹಾಲಾದಂತೆ, ‘ಪುಲಿ’ ಹುಲಿಯಾದಂತೆ ಇಲ್ಲಿಯೂ ‘ಪ’ಕಾರವು ‘ಹ’ಕಾರವಾಯಿತು. ಅಕ್ಷರಮಾಲೆಯ ಸಾಲಿನಲ್ಲಿ ಮಾತ್ರ ಅದು ತನ್ನ ಹಳೆಯ ಜಾಗವನ್ನು ಬಿಟ್ಟಿಲ್ಲ. ಯಾರೂ ಹೇಳಿಕೊಡದೆ ಆ ಜಾಗದ ಮೇಲೆ ಅವಳ ಕಣ್ಣು ಬಿದ್ದಿದೆ ಎಂದರೆ, ಅಪ್ಪಯ್ಯ, ನೀವು ಕಲಿಸಿದ ವರ್ಣಮಾಲೆ ಅವಳಲ್ಲಿ ಎಷ್ಟು ಗಟ್ಟಿಯಾಗಿ ಕುಳಿತಿದೆ ಎಂದು ಯೋಚಿಸಿ ನೋಡಿ.

ನಮ್ಮ ಊರಿನ ಕಾವಾಸಾಕಿ ದೈಶಿ ದೇವಸ್ಥಾನವು ಕೂಕಾಯಿ ಎಂಬ ಆಚಾರ್ಯರ ಪಂಥಕ್ಕೆ ಸೇರಿದ್ದು. ಅವರು 804ರಲ್ಲಿ ಚೀನಾಕ್ಕೆ ಹೋಗಿ, ಅಲ್ಲಿದ್ದ ಪ್ರಜ್ಞ ಎಂಬ ಭಾರತೀಯ ಭಿಕ್ಷುವಿನ ಬಳಿಯೂ ಪಾಠ ಹೇಳಿಸಿಕೊಂಡು ಹಿಂತಿರುಗಿದವರು. ಆ ಪಂಥದ ದೇವಾಲಯಗಳ ಬಳಿ, ಸಮಾಧಿಗಳ ಹಿಂದೆ ನಿಲ್ಲಿಸುವ ಉದ್ದನೆಯ ಮರದ ಹಲಗೆಗಳ ಮೇಲೆ ಇಂದಿಗೂ ಸಿದ್ಧಂ ಲಿಪಿಯ ಬೀಜಾಕ್ಷರಗಳನ್ನು ಕುಂಚದಿಂದ ಬರೆಯುತ್ತಾರೆ.

ಇಷ್ಟೊಂದು ಅಕ್ಷರಗಳನ್ನು ಕಲಿಯುವುದು ಹೇಗೆ ಎಂಬ ಪ್ರಶ್ನೆಗೆ ನಿಮ್ಮ ಮೊಮ್ಮಗಳೇ ಉತ್ತರ. ಒಂದನೆಯ ತರಗತಿಯಲ್ಲಿ 80, ಎರಡನೆಯದರಲ್ಲಿ 160, ಹೀಗೆ ಆರು ವರ್ಷಗಳಲ್ಲಿ 1026 ಚೀನೀ ಅಕ್ಷರಗಳನ್ನು ಶಾಲೆಯಲ್ಲಿ ಕಲಿಸುತ್ತಾರೆ. ದೊಡ್ಡವರ ನಿತ್ಯದ ಬಳಕೆಗೆ ಸರ್ಕಾರ ಗೊತ್ತುಮಾಡಿರುವ ಪಟ್ಟಿಯಲ್ಲಿ 2136 ಇವೆ. ಪುಟ್ಟಿ ಈಗ ಎರಡನೆಯ ತರಗತಿ. ಚೌಕಗಳ ಕಾಪಿಪುಸ್ತಕದಲ್ಲಿ ಅವಳು ಪ್ರತಿ ಗೆರೆಯನ್ನೂ ಗೊತ್ತಾದ ಕ್ರಮದಲ್ಲೇ ಎಳೆಯಬೇಕು. ಗೆರೆಯ ತುದಿ ಒತ್ತಿ ನಿಲ್ಲಬೇಕೇ, ಕೊಕ್ಕೆಯಂತೆ ಮೇಲೆದ್ದಿರಬೇಕೇ, ಅಥವಾ ತೆಳ್ಳಗೆ ಜಾರಿ ಹೋಗಬೇಕೇ ಎಂಬುದಕ್ಕೂ ನಿಯಮವಿದೆ. ಒಂದು ಕೊಕ್ಕೆ ಬಿಟ್ಟುಹೋದರೂ ಶಿಕ್ಷಕಿಯ ಕೆಂಪು ಶಾಯಿ ಅಲ್ಲಿಗೆ ಬಂದು ತಿದ್ದುತ್ತದೆ. ಬರೆಯುವ ಮೊದಲು ತರಗತಿಯ ಮಕ್ಕಳೆಲ್ಲ ಬೆರಳೆತ್ತಿ ಗಾಳಿಯಲ್ಲಿ ಅಕ್ಷರ ತೀಡುತ್ತ “ಇಚಿ, ನಿ, ಸಾನ್” ಎಂದು ಗೆರೆಗಳನ್ನು ಎಣಿಸುತ್ತಾರೆ. ನಮ್ಮ ಪುಟ್ಟಿಯೂ ಅವರ ನಡುವೆ ಹಾಗೆಯೇ ತೀಡುವುದನ್ನು ನೋಡಿದರೆ, ಮರಳಿನ ಮೇಲೆ ನಮ್ಮಿಂದ ತಿದ್ದಿಸುತ್ತಿದ್ದ ನಿಮಗೆ ಎದೆ ತುಂಬಿ ಬರುತ್ತಿತ್ತು.

ಕಾರ್ಟೂನಿನ ಬೊಂಬೆಗಳ ಬಗ್ಗೆ ನಿಮಗಿರುವ ತಾತ್ಸಾರಕ್ಕೆ ಈಗ ಬರುತ್ತೇನೆ. ಡೋರೇಮಾನ್ (ಇಲ್ಲಿಯವರ ಬಾಯಲ್ಲಿ ‘ದೊರಾಎಮೊನ್’) ಎಂಬ ಬೆಕ್ಕಿನ ಹೆಸರಿನ ಮೊದಲರ್ಧವನ್ನು ಕತಕಾನದಲ್ಲೂ ಉಳಿದದ್ದನ್ನು ಹಿರಗಾನದಲ್ಲೂ ಏಕೆ ಬರೆಯುತ್ತಾರೆಂದು ಅವಳು ಕೇಳಿದ್ದಾಳೆ. ‘ದೊರಾ’ ಎಂಬುದು ಬೀದಿಬೆಕ್ಕಿಗಿರುವ ಜಪಾನಿ ಪದದ ತುಣುಕು. ‘ಎಮೊನ್’ ಎಂಬುದು ಹಳೆಯ ಕಾಲದ ಗಂಡಸರ ಹೆಸರುಗಳ ಕೊನೆಯಲ್ಲಿ ಬರುತ್ತಿದ್ದ ಭಾಗ. ಬರುವ ಶತಮಾನದ ಯಂತ್ರದ ಬೆಕ್ಕಿಗೆ ಅಜ್ಜನ ಕಾಲದ ಹೆಸರಿಟ್ಟದ್ದರಲ್ಲಿ ಸ್ವಾರಸ್ಯವಿದೆ, ಮತ್ತು ಎರಡು ಲಿಪಿಗಳಲ್ಲಿ ಬರೆದಾಗ ಅದು ಓದುವವರ ಕಣ್ಣಿಗೇ ಕಾಣುತ್ತದೆ. 1969ರ ಕೊನೆಯಲ್ಲಿ ಮಕ್ಕಳ ಪತ್ರಿಕೆಗಳಲ್ಲಿ ಹುಟ್ಟಿದ ಈ ಬೆಕ್ಕನ್ನು 2008ರಲ್ಲಿ ಜಪಾನಿನ ವಿದೇಶಾಂಗ ಸಚಿವಾಲಯವು ಸಾಂಸ್ಕೃತಿಕ ರಾಯಭಾರಿಯಾಗಿ ನೇಮಿಸಿತು. ಅದರ ಕರ್ತೃವಿನ ವಸ್ತುಸಂಗ್ರಹಾಲಯ ನಮ್ಮ ಕಾವಾಸಾಕಿಯಲ್ಲೇ ಇದೆ. ಮಕ್ಕಳ ಚಿತ್ರಕಥೆಗಳಲ್ಲಿ ಪ್ರತಿ ಚೀನೀ ಅಕ್ಷರದ ಪಕ್ಕದಲ್ಲಿ ಅದರ ಉಚ್ಚಾರವನ್ನು ಚಿಕ್ಕ ಹಿರಗಾನದಲ್ಲಿ ಮುದ್ರಿಸಿರುತ್ತಾರೆ. ಶಾಲೆಯಲ್ಲಿ ಇನ್ನೂ ಕಲಿಸದ ಅಕ್ಷರಗಳನ್ನು ಪುಟ್ಟಿ ಗುರುತಿಸುವುದು ಈ ಪುಸ್ತಕಗಳಿಂದಲೇ. ಶಾಲಿನಿಯೂ ಹೀಗೆಯೇ ಓದಲು ಕಲಿತಿದ್ದಾಳೆ. ಅದನ್ನು ಕಾಲಹರಣವೆಂದು ದಯವಿಟ್ಟು ಎಣಿಸಬೇಡಿ.

ಚಿತ್ರಕಥೆಯ ಪತ್ತೇದಾರಿ ಬಾಲಕ ಎಡೊಗಾವಾ ಕಾನನ್ ಹೆಸರಿನ ಬಗ್ಗೆಯೂ ಕೇಳಿದ್ದಾಳೆ. ಕಾನನ್ ಎಂಬುದು ಷೆರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಅವರಿಂದ, ಎಡೊಗಾವಾ ಎಂಬುದು ಜಪಾನಿನ ಪತ್ತೇದಾರಿ ಸಾಹಿತ್ಯದ ಹಿರಿಯ ಎಡೊಗಾವಾ ರಂಪೊ ಅವರಿಂದ. ಎಡೊಗಾವಾ ರಂಪೊ ಎಂಬುದು ಕೂಡ ಕಾವ್ಯನಾಮವೇ. ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ ಎಂಬ ಹೆಸರಿನ ಧ್ವನಿಗೆ ಚೀನೀ ಅಕ್ಷರಗಳನ್ನು ಹೊಂದಿಸಿ ಅವರು ಅದನ್ನು ಕಟ್ಟಿಕೊಂಡರು.

ಅವಳ ಪ್ರಶ್ನೆಗಳಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಚೀನಾದ ವಾನರ ಸುನ್ ವುಕಾಂಗ್ ನಮ್ಮ ಹನುಮಂತನೇ ಇರಬಹುದೇ ಎಂಬುದು. ಇಮ್ಮಡಿ ಪುಲಿಕೇಶಿಯ ರಾಜ್ಯವನ್ನು ಕಂಡು, ಅಲ್ಲಿಯ ಸೈನಿಕರು ಮದ್ಯ ಕುಡಿದು, ಆನೆಗಳಿಗೂ ಕುಡಿಸಿ ಯುದ್ಧಕ್ಕೆ ಹೊರಡುತ್ತಿದ್ದರೆಂದು ಬರೆದ ಹ್ಯುಯೆನ್ ತ್ಸಾಂಗನ ಪಾಠವನ್ನು ನೀವು ನಮಗೆ ಮಾಡಿದ್ದಿರಿ. ಆತ 645ರಲ್ಲಿ 657 ಗ್ರಂಥಗಳೊಡನೆ ಚೀನಾಕ್ಕೆ ಮರಳಿದ ಮೇಲೆ ಅವನ ಯಾತ್ರೆಯೇ ಕಥೆಯಾಗಿ ಬೆಳೆಯುತ್ತ ಹೋಗಿ, ಹದಿನಾರನೆಯ ಶತಮಾನದಲ್ಲಿ ದೊಡ್ಡ ಕಾದಂಬರಿಯಾಯಿತು. ಅದರಲ್ಲಿ ಗುರುವನ್ನು ಕಾಯುತ್ತ ಹೋಗುವ ಶಿಷ್ಯನೇ ಈ ವಾನರ. ಅವನ ಮೂಲ ಹನುಮಂತನೆಂದು ಹು ಷಿ ಎಂಬ ವಿದ್ವಾಂಸರು ವಾದಿಸಿದರು. ಚೀನೀ ಲೇಖಕ ಲು ಷುನ್ ಅದನ್ನು ಒಪ್ಪದೆ, ಚೀನಾದ್ದೇ ಆದ ಒಂದು ಜಲಭೂತದ ಐತಿಹ್ಯವನ್ನು ಮುಂದಿಟ್ಟರು. ತಾಳಮದ್ದಳೆಯಲ್ಲಿ ಹನುಮಂತನ ಅರ್ಥ ಹೇಳುವ ನಿಮ್ಮ ಅಭಿಪ್ರಾಯವನ್ನು ನಾನು ತಿಳಿಯಬೇಕು. ನನಗೆ ತೋರುವಂತೆ ಆಕಾಶಗಮನ, ರೂಪ ಬದಲಿಸುವ ಶಕ್ತಿ ಇಬ್ಬರಲ್ಲಿಯೂ ಇದ್ದರೂ ಸ್ವಭಾವ ಬೇರೆ. ಈತ ದೇವಲೋಕದ ಮೇಲೆಯೇ ದಂಗೆಯೆದ್ದು, ಬುದ್ಧನಿಂದ ಐನೂರು ವರ್ಷ ಬೆಟ್ಟದಡಿ ಸೆರೆಯಾಗಿದ್ದು ಆಮೇಲೆ ಪಳಗಿದವನು. ರಾಮನನ್ನು ಕಂಡ ಕ್ಷಣದಲ್ಲೇ ದಾಸನಾದ ಹನುಮಂತನ ಭಾವ ಇವನಲ್ಲಿಲ್ಲ. ಸುನ್ ವುಕಾಂಗ್ ಎಂಬ ಹೆಸರಿನ ಅದೇ ಚೀನೀ ಅಕ್ಷರಗಳನ್ನು ಜಪಾನೀಯರು ‘ಸೊನ್ ಗೊಕು’ ಎಂದು ಓದುತ್ತಾರೆ. ತೊರಿಯಾಮಾ ಅಕಿರಾ ಅವರು 1984ರಲ್ಲಿ ಆರಂಭಿಸಿದ ಚಿತ್ರಕಥೆಯ ನಾಯಕನಿಗೆ ಆ ಹೆಸರು, ಬಾಲ, ಉದ್ದವಾಗುವ ಕೋಲು, ಏರಿ ಹೋಗಲು ಮೋಡ, ಎಲ್ಲವೂ ಬಂದದ್ದು ಹೀಗೆ. ಶಾಲಿನಿಯ ಕೋಣೆಯ ಗೋಡೆಯ ಮೇಲಿರುವ ಚಿತ್ರ, ನೀವು ತೆಗೆಯಲು ಹೇಳಿದ್ದೀರಲ್ಲ, ಅದು ಅವನದೇ.

ಚೀನೀಯರು ಜಪಾನಿ ಬರಹವನ್ನು ಓದಬಲ್ಲರೇ ಎಂಬುದಕ್ಕೆ ಸಂಕ್ಷೇಪವಾಗಿ ಹೇಳುವುದಾದರೆ, ಅರ್ಥ ಬಹುಮಟ್ಟಿಗೆ ಹೊಳೆಯುತ್ತದೆ, ಉಚ್ಚಾರ ತಿಳಿಯುವುದಿಲ್ಲ. ಯುದ್ಧಾನಂತರ ಜಪಾನ್ ಕೆಲವು ಅಕ್ಷರಗಳನ್ನು ಒಂದು ರೀತಿ ಸರಳಗೊಳಿಸಿತು, 1956ರಿಂದ ಚೀನಾ ಇನ್ನೊಂದು ರೀತಿ. ತೈವಾನಿನವರು ಹಳೆಯ ರೂಪವನ್ನೇ ಉಳಿಸಿಕೊಂಡಿದ್ದಾರೆ. ನಮ್ಮ ಕಚೇರಿಯ ಚೀನೀ ಗೆಳತಿ ಮಾತು ತಡವರಿಸಿದಾಗ ಅಂಗೈ ಮೇಲೆ ಬೆರಳಿನಿಂದ ಅಕ್ಷರ ಬರೆದು ತೋರಿಸುತ್ತಾಳೆ, ಎದುರಿನವರಿಗೆ ತಕ್ಷಣ ಅರ್ಥವಾಗುತ್ತದೆ. ಕಂಪ್ಯೂಟರಿನಲ್ಲಿ ಉಚ್ಚಾರವನ್ನು ಒತ್ತಿದರೆ ಅದಕ್ಕೆ ಹೊಂದುವ ಅಕ್ಷರಗಳು ಸಾಲಾಗಿ ಬರುತ್ತವೆ, ಬೇಕಾದದ್ದನ್ನು ಆರಿಸಬೇಕು. ಹೀಗೆ ಬರೆಯುವ ಮೊದಲ ಯಂತ್ರವನ್ನು ತೋಶಿಬಾ ಕಂಪನಿ 1978ರಲ್ಲಿ ಪ್ರಕಟಿಸಿದಾಗ ಅದರ ಬೆಲೆ 63 ಲಕ್ಷ ಯೆನ್.

ಅಪ್ಪಯ್ಯ, ಈಗ ಮದುವೆಯ ಮಾತು. “ಒಬ್ಬಳನ್ನು ಸಮುದ್ರದಾಚೆ ಕಳುಹಿಸಿದ್ದೇ ಸಾಕು, ಇನ್ನೊಬ್ಬಳೂ ಹೋದರೆ ನಮಗೆ ಯಾರು” ಎಂದು ಬರೆದ ಸಾಲನ್ನು ಇವರಿಗೂ ಓದಿ ತೋರಿಸಿದೆ; ಇಬ್ಬರಿಗೂ ಮನಸ್ಸಿಗೆ ಬಹಳ ಕಷ್ಟವಾಯಿತು. ಶಾಲಿನಿಯನ್ನು ಇಲ್ಲಿಗೆ ಕರೆಸಿಕೊಳ್ಳುವ ಯಾವ ಯೋಚನೆಯೂ ನಮ್ಮಲ್ಲಿಲ್ಲ, ಅವಳಿಗೂ ಇಲ್ಲ. ಪರೀಕ್ಷೆ ನಡೆಯುವುದು ಬೆಂಗಳೂರಿನಲ್ಲಿ. ಅದರಲ್ಲಿ ಐದು ಹಂತಗಳಿದ್ದು, ಅವಳು ಕೆಳಗಿನಿಂದ ಎರಡನೆಯದಕ್ಕೆ ಕೂರುತ್ತಿದ್ದಾಳೆ. ಮೇಲಿನ ಹಂತಗಳನ್ನು ಮುಗಿಸಿದವರಿಗೆ ದುಭಾಷಿಯ ಕೆಲಸಕ್ಕೆ ದಾರಿಯಾಗುತ್ತದೆ. ಬಿಡದಿಯಲ್ಲಿ ಟೊಯೋಟಾ, ನರಸಾಪುರದಲ್ಲಿ ಹೋಂಡಾ, ಹೀಗೆ ಜಪಾನಿ ಕಾರ್ಖಾನೆಗಳು ನಮ್ಮ ರಾಜ್ಯದಲ್ಲೇ ಇವೆ. ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ತೀರ್ಥಹಳ್ಳಿ. ಅವಳು ನಿಮ್ಮಿಂದ ದೂರವಾಗುವುದಿಲ್ಲ, ಖಂಡಿತ ಆಗುವುದಿಲ್ಲ, ಈ ವಿಷಯದಲ್ಲಿ ಎಳ್ಳಷ್ಟೂ ಚಿಂತೆ ಬೇಡ.

ಹುಡುಗನ ಬಗ್ಗೆ ನನ್ನ ಆಕ್ಷೇಪಣೆ ಏನೂ ಇಲ್ಲ. ಮನೆತನ ಒಳ್ಳೆಯದು, ಜಾತಕ ಕೂಡಿದೆ ಎಂದು ಚಿಕ್ಕಪ್ಪ ಹೇಳಿದ್ದಾರೆ. ನನ್ನ ಕೋರಿಕೆ ಒಂದೇ. ಡಿಸೆಂಬರಿನವರೆಗೆ ಸಮಯ ಕೊಡಬೇಕೆಂದು ಹೊಸನಗರದವರನ್ನು ನೀವೇ ಕೇಳಿ. ಹುಡುಗಿ ಓದುತ್ತಿದ್ದಾಳೆ, ಮುಗಿಸಲಿ ಎಂದು ನೀವು ಹೇಳಿದರೆ ಅದಕ್ಕೊಂದು ತೂಕವಿರುತ್ತದೆ. ನಾನು ಇಲ್ಲಿಂದ ಹೇಳಿದರೆ ಅಕ್ಕ ತಲೆಕೆಡಿಸುತ್ತಿದ್ದಾಳೆ ಎಂದಾರು. ಅಷ್ಟಕ್ಕೇ ಅವರು ಸಂಬಂಧ ಬಿಡುವವರಾದರೆ, ಮದುವೆಯಾದ ಮೇಲೆ ಅವಳಿಗೆ ಪುಸ್ತಕ ಬಿಡಿಸಲೂ ಹಿಂಜರಿಯುವುದಿಲ್ಲ ಎಂಬ ಭಯ ನನಗಿದೆ. ಒಪ್ಪಿದರೆ ಮಾಘದಲ್ಲಿ ನಿಶ್ಚಿತಾರ್ಥ ಇಟ್ಟುಕೊಳ್ಳಿ, ನಾವು ಮೂವರೂ ಬರುತ್ತೇವೆ, ರಜೆಯ ಬಗ್ಗೆ ಇವರು ಈಗಾಗಲೇ ಕೇಳಿದ್ದಾರೆ.

ಇಲ್ಲಿ ಯಾವುದಕ್ಕೂ ಕೊರತೆಯಿಲ್ಲ, ಎಲ್ಲರ ಆರೋಗ್ಯವೂ ಚೆನ್ನಾಗಿದೆ, ಪುಟ್ಟಿಯ ಕೆಮ್ಮು ಪೂರ್ತಿ ವಾಸಿಯಾಗಿದೆ. ನೀವು ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡಿ, ರಾತ್ರಿ ಬೇಗ ಮಲಗಿ. ಪುಟ್ಟಿಯ ಶಾಲೆ ಬಿಡುವ ಹೊತ್ತಾಯಿತು, ಅಂಚೆ ಕಚೇರಿಯೂ ಮುಚ್ಚುತ್ತದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಅಮ್ಮನಿಗೆ, ಚಿಕ್ಕಪ್ಪ ಚಿಕ್ಕಮ್ಮನವರಿಗೆ ನಮಸ್ಕಾರ, ಶಾಲಿನಿಗೆ ಆಶೀರ್ವಾದ.

ಇತಿ ನಿಮ್ಮ ಮಗಳು,
ವಸುಧಾ

ಮರೆತಿದ್ದೆ: ಪರೀಕ್ಷೆಯ ಶುಲ್ಕದ ಹಣವನ್ನು ಅಮ್ಮನ ಖಾತೆಗೆ ಹಾಕಿದ್ದೇನೆ. ಅರ್ಜಿ ಹಾಕುವ ಅವಧಿ ಪರೀಕ್ಷೆಗೆ ಬಹಳ ಮುಂಚೆಯೇ ಮುಗಿದುಹೋಗುತ್ತದೆ, ಆದ್ದರಿಂದ ನಿಮ್ಮ ಒಪ್ಪಿಗೆಯನ್ನು ಶಾಲಿನಿಗೆ ಬೇಗ ತಿಳಿಸಿ.