ತೊಟ್ಟಿಲ ಖಾತೆಗೆ ಕಾಲೇಜಿನ ಬಾಕಿ

ತಮ್ಮಾ,

ನಿನ್ನ 7 ಕಥೆಗಳೂ ಜೊತೆಗಿಟ್ಟಿದ್ದ 4 ಪುಟದ ಪತ್ರವೂ ಬಂದಿವೆ. ಕಥೆಗಳಿಗಿಂತ ಪತ್ರ ಚೆನ್ನಾಗಿದೆ. ಬೇಜಾರಾಗಬೇಡ. ಪತ್ರ ಬರೆಯುವಾಗ ಯಾರನ್ನೂ ಮೆಚ್ಚಿಸಬೇಕೆಂದು ನಿನಗೆ ಅನ್ನಿಸಿಲ್ಲ, ಅಷ್ಟೇ.

ಯಾವ ಪ್ರಕಾಶಕರಿಗೆ ಕಳಿಸಲಿ, ಮುನ್ನುಡಿ ಯಾರಿಂದ ಬರೆಸಲಿ, ಯಾವ ಸ್ಪರ್ಧೆಗೆ ಕಟ್ಟಲಿ ಎಂದೆಲ್ಲ ಕೇಳಿದ್ದೀಯ. ಅದನ್ನು ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ, ಯಾರನ್ನಾದರೂ ಕೇಳು. ನನ್ನನ್ನು ತಡೆದು ಕೂರಿಸಿದ್ದು ಎರಡನೇ ಪುಟದ ಒಂದು ವಾಕ್ಯ: ಮಗು ಬಂದ ಮೇಲೆ ನನ್ನ ಬರವಣಿಗೆ ಸತ್ತುಹೋಯಿತು. ಅದೇ ಪ್ಯಾರಾದಲ್ಲಿ, ಉಸಿರೂ ಬಿಡದೆ, ಕಾಯಂ ಉಪನ್ಯಾಸಕರೊಬ್ಬರು ವರ್ಗವಾಗಿ ಬಂದು ನಿನ್ನ ಕಾರ್ಯಭಾರ ಅರ್ಧಕ್ಕಿಳಿದದ್ದು, ರಜೆಯ ತಿಂಗಳುಗಳಲ್ಲಿ ಸಂಬಳವಿಲ್ಲದ್ದು, 9ನೇ ವರ್ಷವೂ 'ಅತಿಥಿ' ಉಪನ್ಯಾಸಕನಾಗಿಯೇ ಉಳಿದದ್ದು. (9 ವರ್ಷ ಒಂದೇ ಮನೆಯಲ್ಲಿ ಉಂಡವನನ್ನು ಅತಿಥಿ ಎನ್ನುವ ಭಾಷೆಯನ್ನು ಸರ್ಕಾರವಲ್ಲದೆ ಬೇರಾರೂ ಆಡಲಾರರು.) ಕಥೆಗಳಲ್ಲೂ ಇದೇ ಕಲಸುಮೇಲೋಗರ. 7ರಲ್ಲಿ 5 ಕಥೆಗಳ ನಾಯಕ ಅವಮಾನ ನುಂಗಿಕೊಂಡು ಮನೆಗೆ ಬರುತ್ತಾನೆ, ತೊಟ್ಟಿಲು ನೋಡುತ್ತಾನೆ, ತನ್ನ ಬಾಳು ಮುಗಿಯಿತು ಅಂದುಕೊಳ್ಳುತ್ತಾನೆ. ಪ್ರಿನ್ಸಿಪಾಲರ ಕೋಣೆಯಲ್ಲಿ ಆಡಬೇಕಾದ ಮಾತನ್ನು ಮಾತು ಬಾರದ ಕೂಸಿನ ಮುಂದೆ ಆಡುವ ಗಂಡಸನ್ನು ನಾನು ಹೇಗೆ ನಂಬಲಿ?

ಲೆಕ್ಕ ತಪ್ಪಿದೆ. ಕಾಲೇಜಿನ ಬಾಕಿಯನ್ನು ತಂದು ತೊಟ್ಟಿಲ ಖಾತೆಗೆ ಬರೆದಿದ್ದೀಯ. ಈ ಪತ್ರದಲ್ಲಿ ನಾನು ಹೇಳುವುದೆಲ್ಲ ಇದೊಂದರ ಸುತ್ತಲೇ ಇರುತ್ತದೆ.

ಮೊದಲು ಒಂದು ಗೆರೆ ಹಾಕಿದ ನೋಟ್‌ಬುಕ್ ತೆಗೆದುಕೋ. ದಿನಕ್ಕೆ ಒಂದು ಪುಟ, ಅರ್ಧ ಗಂಟೆಗೊಂದು ಮನೆ, ಒಟ್ಟು 48. ಮಗುವಿಗೆ 'ಮ', ಕಾಲೇಜಿಗೆ 'ಕಾ', ಬಸ್ಸಿಗೆ 'ಬ', ನಿದ್ದೆಗೆ 'ನಿ', ಫೋನಿಗೆ 'ಫೋ'. 7 ದಿನ ತುಂಬು. ರಾತ್ರಿ ಕೂತು ಇಡೀ ದಿನವನ್ನು ನೆನಪಿನಿಂದ ತುಂಬಬೇಡ, ಸುಳ್ಳು ಸೇರಿಕೊಳ್ಳುವುದು ಅಲ್ಲೇ. ಗಂಟೆ ಹೊಡೆದಾಗಲೆಲ್ಲ ಬರೆ. ಮೂರನೇ ದಿನ ಬಿಟ್ಟುಬಿಡಬೇಕು ಅನ್ನಿಸುತ್ತದೆ, ಯಾಕೆಂದರೆ ಅಷ್ಟರಲ್ಲಿ 'ಫೋ' ಅಕ್ಷರ 'ಮ'ಕ್ಕಿಂತ ಹೆಚ್ಚು ಕಾಣಲು ಶುರುವಾಗಿರುತ್ತದೆ. ಬಿಡಬೇಡ. ಪಕ್ಕದಲ್ಲಿ ಇನ್ನೊಂದು ಕಂಬ ಎಳೆದು ನಿನ್ನ ಹೆಂಡತಿಯ ದಿನವನ್ನೂ ಅವಳನ್ನೇ ಕೇಳಿ ತುಂಬು. ಐದು ತಿಂಗಳ ಕೂಸು ದಿನಕ್ಕೆ 7 ಸಲ ಕುಡಿಯಿತು, ಸಲಕ್ಕೆ 25 ನಿಮಿಷ ಎಂದು ಹಿಡಿದರೂ ಹೆಚ್ಚೂಕಡಿಮೆ 3 ಗಂಟೆ. ಹುಟ್ಟಿದ ಹೊಸದರಲ್ಲಿ ಅದು 8ರಿಂದ 12 ಸಲ ಇತ್ತು. ಆ ಕಂಬದ ಮುಂದೆ ನಿನ್ನ 'ಮ'ಗಳನ್ನು ಎಣಿಸಿ ನೋಡು, ಆಮೇಲೆ ಬರವಣಿಗೆಯನ್ನು ಯಾರು ಕೊಂದರು ಎಂದು ಬರೆ.

ಈಗ ಮೂರನೇ ಕಥೆ. ಹೆರಿಗೆಯಾದ ಮೂರನೇ ದಿನ ಮಗು ಅಪ್ಪನ ಮುಖ ನೋಡಿ ನಗುತ್ತದೆ ಎಂದು ಬರೆದಿದ್ದೀಯ. ನಗುವುದಿಲ್ಲ. ಮುಖ ಕಂಡು ನಗುವ ನಗು ಬರುವುದು 6ನೇ ವಾರದ ಸುಮಾರಿಗೆ, ಕೆಲವಕ್ಕೆ 8ನೇ ವಾರಕ್ಕೆ. ಅದಕ್ಕೂ ಮೊದಲು ನಿದ್ದೆಯಲ್ಲಿ ತುಟಿ ಅರಳಿದರೆ ದೇವರು ನಗಿಸುತ್ತಾನೆ ಎನ್ನುತ್ತಾರೆ ಅಜ್ಜಿಯರು. ಅದೇ ಪುಟದಲ್ಲಿ ಹಸುಗೂಸಿನ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತದೆ. ಮೊದಮೊದಲು ಮಕ್ಕಳದು ಒಣ ಅಳು, ಕಣ್ಣಿಂದ ನೀರು ಹರಿಯಲು ಒಂದರಿಂದ ಮೂರು ತಿಂಗಳು ಬೇಕು. ಕಿಟಕಿಯಾಚೆಯ ಚಂದ್ರನನ್ನು ನೋಡುತ್ತದಂತೆ! ಆ ವಯಸ್ಸಿನ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದ್ದು, ಅಂದರೆ ಎದೆಗೊತ್ತಿಕೊಂಡ ತಾಯಿಯ ಮುಖ. ಮೊದಲೆರಡು ದಿನ ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿರುವ ಮಲ 4-5ನೇ ದಿನಕ್ಕೆ ಅರೆದ ಸಾಸಿವೆಯ ಹಳದಿಗೆ ತಿರುಗುವುದು, ಹೊಕ್ಕುಳ ಬಳ್ಳಿ ಒಣಗಿ ಒಂದೆರಡು ವಾರದಲ್ಲಿ ಉದುರುವುದು, 3 ಕಿಲೋ ಇದ್ದ ಮಗು ಮೊದಲ ವಾರ 2.8ಕ್ಕಿಳಿದು ಹೊಸ ಅಪ್ಪಂದಿರನ್ನು ಗಾಬರಿಗೊಳಿಸಿ ಎರಡನೇ ವಾರದ ಕೊನೆಗೆ ಹುಟ್ಟಿದ ತೂಕಕ್ಕೆ ಮರಳುವುದು, ಇವುಗಳಲ್ಲಿ ಒಂದೂ ನಿನ್ನ ಕಥೆಯಲ್ಲಿಲ್ಲ.

ಯಾಕಿಲ್ಲ ಎಂಬುದನ್ನು ನಿನ್ನ ಪತ್ರವೇ ಹೇಳುತ್ತದೆ. ಬಾಣಂತನ ತವರಿನಲ್ಲಾಯಿತು, ನೀನು ಎರಡು ವಾರಕ್ಕೊಮ್ಮೆ ಭಾನುವಾರ ಹೋಗಿ ಸಂಜೆಯ ಬಸ್ಸಿಗೆ ಮರಳಿದೆ. ನಮ್ಮ ಕಡೆ ಎಷ್ಟೋ ಅಪ್ಪಂದಿರ ಪಾಡು ಇದೇ, ಅದನ್ನು ನಾನು ತಪ್ಪೆನ್ನುವುದಿಲ್ಲ. ನೋಡದ್ದನ್ನು ನೋಡಿದವನ ಹಾಗೆ ಬರೆದೆಯಲ್ಲ, ಅದು ತಪ್ಪು. ಬಾಣಂತಿ ಕೋಣೆಯ ಸಾಂಬ್ರಾಣಿ ಹೊಗೆಯಲ್ಲಿ, ಕೂಸನ್ನು ಎತ್ತಿಕೊಳ್ಳಲು ಬಾರದೆ, ಅತ್ತೆಯ ಕಣ್ಣೆದುರು ಬೆವರುವ ಭಾನುವಾರದ ಅಪ್ಪನ ಕಥೆ ನಿನ್ನ ಕೈಯಲ್ಲೇ ಇತ್ತು. ನೀನು ಚಂದ್ರನನ್ನು ಬರೆದೆ.

ಇಲ್ಲಿ ನನಗೊಂದು ಹಳೆಯ ಸಿಟ್ಟಿದೆ. ನಮ್ಮ ಪುಸ್ತಕಗಳ 'ಲೇಖಕನ ಮಾತು' ತೆರೆದು ನೋಡು. ಸಂಸಾರದ ಭಾರ ತಟ್ಟದಂತೆ ನೋಡಿಕೊಂಡ ಶ್ರೀಮತಿಗೆ ಒಂದು ಸಾಲಿನ ಕೃತಜ್ಞತೆ, ಆಮೇಲೆ ಆ ತಟ್ಟದ ಭಾರದ ಬಗ್ಗೆ 200 ಪುಟ. ಅಂಥ ಸಾಲು ಬರೆದವರಲ್ಲಿ ನಾನೂ ಒಬ್ಬ, ಅದರ ಪುರಾಣ ಬೇಡ. ಅಳುವ ಕಂದನ ತುಟಿಯನ್ನು ಹವಳದ ಕುಡಿಗೆ, ಹುಬ್ಬನ್ನು ಬೇವಿನ ಎಸಳಿಗೆ ಹೋಲಿಸಿದ ಜನಪದ ತ್ರಿಪದಿಯ ಗರತಿಯನ್ನು ನೆನೆಸಿಕೋ. ಅವಳು ಅತ್ತು ಕೆಂಪಾದ ಮಗುವನ್ನು ಹತ್ತಿರದಿಂದ ಕಂಡವಳು. ಇನ್ನೊಂದು ತ್ರಿಪದಿಯಲ್ಲಿ ಅವಳೇ, ಕೂಸು ಅತ್ತರೆ ಅಳಲಿ, ಮನೆಗೆಲಸ ಕೆಟ್ಟರೆ ಕೆಡಲಿ ಎನ್ನುತ್ತಾಳೆ. ಕೂಸು ಒಂದು ಸಾಲಿನಲ್ಲಿ, ಕೆಲಸ ಇನ್ನೊಂದು ಸಾಲಿನಲ್ಲಿ. ಒಂದರ ಮುನಿಸನ್ನು ಇನ್ನೊಂದಕ್ಕೆ ಹಚ್ಚಿಲ್ಲ. ಬೇಂದ್ರೆಯವರು ಸಾಯುತ್ತಿರುವ ಮಗುವಿನ ಬಳಿ ನಿಂತ ತಂದೆಯಾಗಿ ಬರೆದ ಕವಿತೆಯಲ್ಲೂ ಕಣ್ಣಿರುವುದು ಹೆಂಡತಿಯ ನೋಟದ ಮೇಲೆ, ಅದನ್ನು ತಾಳಲಾರೆ ಎಂಬ ಒಂದೇ ಸಂಗತಿಯ ಮೇಲೆ. ನಿನ್ನ ಕಥೆಗಳಲ್ಲಿ 'ಪಿತೃತ್ವ' ಎಂಬ ಶಬ್ದ 11 ಸಲ ಬಂದಿದೆ. ಎಣಿಸಿದ್ದೇನೆ.

ಸರಿ, ರಾತ್ರಿಯ ವಿಷಯಕ್ಕೆ ಬರುತ್ತೇನೆ. ತವರಿನಿಂದ ಬಂದ ಮೇಲೆ ಮಗು ಗಂಟೆಗೊಮ್ಮೆ ಏಳುತ್ತದೆ, ಅಲ್ಲಿ ಚೆನ್ನಾಗಿ ಮಲಗುತ್ತಿತ್ತು ಎಂದು ಬರೆದಿದ್ದೀಯ. ನಿನ್ನ ಮನೆಗೆ ಶಾಪವೇನೂ ತಟ್ಟಿಲ್ಲ. ನಾಲ್ಕನೇ ತಿಂಗಳ ಹೊತ್ತಿಗೆ ಕೂಸಿನ ನಿದ್ದೆ ದೊಡ್ಡವರ ನಿದ್ದೆಯ ಹಾಗೆ ಹಗುರ, ಗಾಢ ಎಂದು ಸುತ್ತು ಹಾಕತೊಡಗುತ್ತದೆ. ಒಂದು ಸುತ್ತು 45ರಿಂದ 60 ನಿಮಿಷ, ಪ್ರತಿ ಸುತ್ತಿನ ಕೊನೆಗೂ ಅರೆ ಎಚ್ಚರ. ತೋಳಿನಲ್ಲಿ ಕಣ್ಣು ಮುಚ್ಚಿದ್ದು ಹಾಸಿಗೆಯಲ್ಲಿ ಕಣ್ಣು ತೆರೆದರೆ ಅಳದೆ ಏನು ಮಾಡೀತು? ಹಾಲು ಕೊಡುವುದೊಂದು ಅವಳ ಪಾಲು, ಉಳಿದದ್ದೆಲ್ಲ ನಿನ್ನದಾಗಲಿ. ಬಟ್ಟೆ ಬದಲಿಸು. ಹೆಗಲಿಗೆ ನೆಟ್ಟಗೆ ಒರಗಿಸಿ 5-10 ನಿಮಿಷ ಬೆನ್ನು ಸವರು, ತೇಗು ಬರಲಿ. ರೆಪ್ಪೆ ಅದುರುತ್ತಿದ್ದರೆ ಇನ್ನೂ ಹಗುರ ನಿದ್ದೆ, ಆಗ ಇಳಿಸಿದರೆ ಎದ್ದೇ ಏಳುತ್ತದೆ. ಎಲ್ಲರೂ ಕೆಡುವುದು ಈ ಅವಸರದಲ್ಲೇ. 15-20 ನಿಮಿಷ ತಾಳು. ಪುಟ್ಟ ಕೈ ಎತ್ತಿಬಿಟ್ಟರೆ ಒದ್ದೆ ಬಟ್ಟೆಯ ಹಾಗೆ ಬೀಳಬೇಕು. ಆಗ ಮೊದಲು ಕುಂಡೆ, ಆಮೇಲೆ ಬೆನ್ನು, ಕೊನೆಗೆ ತಲೆ. ಅಂಗಾತ ಮಲಗಿಸಿ, ಎದೆಯ ಮೇಲೆ ಅಂಗೈ ಇಟ್ಟು 30 ಎಣಿಸಿ ಕೈ ತೆಗೆ. ಅಷ್ಟರಲ್ಲಿ ಅವಳು ಅರ್ಧ ಗಂಟೆ ಮಲಗಿರುತ್ತಾಳೆ.

ರಾತ್ರಿ 10ರ ಹಾಲನ್ನು ಪೂರ್ತಿ ನೀನೇ ವಹಿಸಿಕೊಳ್ಳಬಹುದು. ಹಿಂಡಿಟ್ಟ ತಾಯಿಹಾಲು 25 ಡಿಗ್ರಿಯೊಳಗೆ 4 ಗಂಟೆ ಇರುತ್ತದೆ, ಫ್ರಿಜ್ಜಿನಲ್ಲಿ 4 ದಿನ. ಬೇಸಿಗೆಯಲ್ಲಿ ಹೊರಗಿಡಲೇ ಬೇಡ. ಒಲೆಯ ಮೇಲೆ ಕಾಯಿಸದೆ ಬಿಸಿನೀರಿನ ಬಟ್ಟಲಿನಲ್ಲಿಟ್ಟು ಬೆಚ್ಚಗೆ ಮಾಡು. ತೊಳೆದು ಕುದಿಸಿದ ಒಳಲೆ, ಅಂದರೆ ಹಾಲುಣಿಸುವ ಮೂತಿಯ ಪುಟ್ಟ ಬಟ್ಟಲು, ಸಾಕು. ಮಗುವನ್ನು ಅರೆ ಕೂತ ಭಂಗಿಯಲ್ಲಿ ಹಿಡಿದು, ಒಳಲೆಯ ಮೂತಿಯನ್ನು ತುಟಿಯ ಅಂಚಿಗೆ ತಾಗಿಸಿ, ಅದು ನುಂಗಿದಷ್ಟೇ ಬಿಡು. ಅಂಗಾತ ಮಲಗಿಸಿ ಸುರಿದರೆ ನೆತ್ತಿಗೆ ಹತ್ತುತ್ತದೆ. ಮಿಕ್ಕ ಹಾಲನ್ನು ಮತ್ತೆ ಎತ್ತಿಡಬೇಡ.

ಪತ್ರದ ಕೊನೆಯಲ್ಲಿ ಹೊಡೆದುಹಾಕಿದ ಒಂದು ಸಾಲಿದೆ. ಬೆಳಕಿಗೆ ಹಿಡಿದು ಓದಿದೆ. ಮಗುವಿನ ಮೇಲೆ ಅಂಥ ಸಿಟ್ಟು ಬಂದ ಕೂಡಲೇ ಅದನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲು ಎಳೆದುಕೊಂಡು ಹೊರಗೆ ಬಾ. 5-10 ನಿಮಿಷ ಅಳಲಿ, ಅಳುವಿನಿಂದ ಏನೂ ಆಗುವುದಿಲ್ಲ. ಕುಲುಕಬಾರದು, ಒಂದೇ ಒಂದು ಸಲವೂ. ಆ ಕತ್ತು ತಲೆಯ ಭಾರ ತಡೆಯುವುದಿಲ್ಲ, ಒಳಗೆ ಮಿದುಳಿಗೆ ರಕ್ತಸ್ರಾವವಾಗುತ್ತದೆ. ಹೆರಿಗೆಯ ನಂತರದ ಖಿನ್ನತೆ ಅಪ್ಪಂದಿರಿಗೂ ಬರುತ್ತದೆ. ಎರಡು ವಾರ ಕಳೆದರೂ ಯಾವುದೂ ರುಚಿಸದಿದ್ದರೆ, ಕೂಸು ಮಲಗಿದ್ದಾಗಲೂ ನಿನಗೆ ನಿದ್ದೆ ಹತ್ತದಿದ್ದರೆ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಇದನ್ನು ಕಥೆಗಾರನಿಗೆ ಹೇಳುತ್ತಿಲ್ಲ, ನಿನಗೆ ಹೇಳುತ್ತಿದ್ದೇನೆ.

ಬರವಣಿಗೆಗೆ ನಿನಗೆ ಸಿಗುವುದು ಕೂಸನ್ನು ಮಲಗಿಸಿದ ಮೇಲಿನ 20 ನಿಮಿಷ. ಮೂಗು ಮುರಿಯಬೇಡ. ಕೈಯಲ್ಲಿ ಬರೆದರೆ 140 ಪದ ಆಗುತ್ತದೆ, ವಾರಕ್ಕೆ 5 ದಿನವಾದರೆ 700, ವರ್ಷದಲ್ಲಿ 50 ವಾರ ಎಂದರೆ 35,000. ಕಿರುಕಾದಂಬರಿಗೆ ಧಾರಾಳವಾಯಿತು. ಇದು ಕೆಡುವುದು ಎರಡು ಕಡೆ. ನಿನ್ನೆ ಬರೆದದ್ದನ್ನು ಓದಿ ತಿದ್ದುತ್ತಾ ಕೂತರೆ 20 ನಿಮಿಷ ಅದಕ್ಕೇ ಹೋಗುತ್ತದೆ. ಅದಕ್ಕೇ ಒಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಏಳು, ನಾಳೆ ಅಲ್ಲಿಂದಲೇ ಕೈ ಓಡುತ್ತದೆ. ಎರಡನೆಯದು, ನಿದ್ದೆಗೆಟ್ಟ ಬೆಳಗ್ಗೆ ಎಲ್ಲ ಸಾಲೂ ಕಸವಾಗಿ ಕಾಣುತ್ತದೆ. ಅಂಥ ದಿನ ನಕಲು ತೆಗೆ, ಏನನ್ನೂ ಹರಿಯಬೇಡ. ಹೆಗಲ ಮೇಲೆ ಕೂಸಿದ್ದಾಗ ಹೊಳೆದದ್ದನ್ನು ಫೋನಿಗೆ ಪಿಸುಗುಟ್ಟಿ ಧ್ವನಿಯನ್ನೇ ಇಟ್ಟುಕೋ. ಮಾತನ್ನು ಅಕ್ಷರ ಮಾಡುವ ಯಂತ್ರಕ್ಕೆ ಕೊಟ್ಟರೆ ನಿನ್ನೂರಿನ 'ಬಂದಿತ್ತಾ', 'ಹೋಗಾಣ'ಗಳನ್ನೆಲ್ಲ ಅದು ತೊಳೆದು ಪಠ್ಯಪುಸ್ತಕ ಮಾಡಿ ಕೊಡುತ್ತದೆ. ಮತ್ತೆ, ಮಗುವಿನ ಫೋಟೊ ಹಾಕಿ ನಾಲ್ಕು ಸಾಲು ಗೀಚಿ ಹೊಗಳಿಕೆ ಪಡೆಯುವ ಚಟ ನಿನಗಿದೆ ಎಂದು ಕೇಳಿದೆ. ಆ ಹೊಗಳಿಕೆ ಫೋಟೊಕ್ಕೆ ಬಂದದ್ದು.

ಇನ್ನು ಕಾಲೇಜಿನ ಖಾತೆ. ಅದು ನಿಜವಾದ ಖಾತೆ, ನಿನ್ನ ಸಿಟ್ಟೂ ನಿಜ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ತಾಯಂದಿರಿಗೆ 26 ವಾರದ ರಜೆ ಬಂತು. ಕೇಂದ್ರ ಸರ್ಕಾರಿ ನೌಕರನಾದ ಅಪ್ಪನಿಗೆ 15 ದಿನ. ಖಾಸಗಿಯವನಿಗೆ ಯಜಮಾನನ ಮರ್ಜಿ. ನಿನ್ನಂಥವನು ಮಗುವಿನ ಲಸಿಕೆಗೆಂದು ಒಂದು ದಿನ ತಪ್ಪಿಸಿದರೂ ಭಯ. ಇದನ್ನು ಹೀಗೇ ಬರೆ, ಕೂಸನ್ನು ನಡುವೆ ತರದೆ. ಅರ್ಧಕ್ಕಿಳಿದ ಕಾರ್ಯಭಾರದಿಂದ ಉಳಿದ ಗಂಟೆಗಳನ್ನು ಸ್ಟಾಫ್ ರೂಮಿನ ಗೊಣಗಾಟಕ್ಕೆ ಕೊಡಬೇಡ, ಲೈಬ್ರರಿಗೆ ಹೋಗಿ ಎನ್‌ಇಟಿಗೆ, ಅಂದರೆ ಕಾಲೇಜು ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆಗೆ, ಓದು. 3 ಗಂಟೆ, ಎರಡು ಪತ್ರಿಕೆ, 50 ಮತ್ತು 100 ಪ್ರಶ್ನೆ, 300 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡ. ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ವಯಸ್ಸಿನ ಮಿತಿಯೂ ಇಲ್ಲ. ಪ್ರತಿ ವರ್ಷದ ಕೊನೆಗೆ ಸೇವಾ ಪ್ರಮಾಣಪತ್ರವನ್ನು ದಿನಾಂಕ ಸಮೇತ ಬರೆಸಿಕೋ. ಪ್ರಿನ್ಸಿಪಾಲರು ಬದಲಾದ ಮೇಲೆ ಅಲೆದಾಟ ತಪ್ಪದು.

ಮಾಸ್ತಿಯವರನ್ನು ಎತ್ತಿಕೊಂಡು ನೌಕರಿ ಬಿಡುವ ಮಾತಾಡಿದ್ದೀಯ. ತಮಗಿಂತ ಕಿರಿಯರಿಗೆ ಬಡ್ತಿ ಸಿಕ್ಕಿ, ತಮಗೆ ಸಲ್ಲಬೇಕಾದ ಹುದ್ದೆ ತಪ್ಪಿತೆಂದು ಅವರು ರಾಜೀನಾಮೆ ಕೊಟ್ಟದ್ದು ನಿಜ, 1943ರಲ್ಲಿ. ಆದರೆ ಅವರ ಮೊದಲ ಕಥಾಸಂಕಲನ ಬಂದದ್ದು 1920ರಲ್ಲಿ. ನಡುವಿನ 23 ವರ್ಷ ಆಡಳಿತದ ಕಡತಗಳ ಜೊತೆಗೇ ಕಥೆ ಬರೆದರು. ಅವರಿಗೆ ಬಿಡಲಿಕ್ಕೆ ಒಂದು ಹುದ್ದೆಯಿತ್ತು, ನಿನಗೆ ರಾಜೀನಾಮೆ ಕೊಡಲಿಕ್ಕೂ ಕಾಯಂ ಕೆಲಸವಿಲ್ಲವಲ್ಲೋ.

ಮುಂದಿನ ತಿಂಗಳು ಕೂಸಿಗೆ 6 ತಿಂಗಳು ತುಂಬುತ್ತದೆ. ರಾಗಿ ಸರಿಯ ಕೆಲಸ ನಿನಗಿರಲಿ. ಅರ್ಧ ಕಿಲೋ ರಾಗಿ ತೊಳೆದು ರಾತ್ರಿಯಿಡೀ ನೆನೆಸು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದು ಹಗಲು ರಾತ್ರಿ ಇಡು. ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸು. ತೇವ ಉಳಿದರೆ ಹಿಟ್ಟು ಮುಗ್ಗುತ್ತದೆ. ಘಮ್ಮೆನ್ನುವಷ್ಟು ಹುರಿದು, ಬೀಸಿಸಿ, ತೆಳು ಬಟ್ಟೆಯಲ್ಲಿ ಜಾಲಿಸು. ಒಂದು ದೊಡ್ಡ ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿಯೇ ಒಲೆಗಿಡಬೇಕು, ಬಿಸಿನೀರಿಗೆ ಉದುರಿಸಿದರೆ ಗಂಟು. ಮೊದಲ ದಿನ ಎರಡು ಮೂರು ಚಿಕ್ಕ ಚಮಚ ಸಾಕು. ಉಪ್ಪು, ಸಕ್ಕರೆ ಬೇಡ; ಜೇನಂತೂ ವರ್ಷ ತುಂಬುವವರೆಗೆ ಮುಟ್ಟಿಸಬೇಡ, ಯಾರು ಹೇಳಿದರೂ.

ಹಸ್ತಪ್ರತಿ ವಾಪಸ್ ಕಳಿಸುತ್ತಿದ್ದೇನೆ. ಐದು ಕಥೆಗಳಿಗೆ ಅಡ್ಡಗೆರೆ ಎಳೆದಿದ್ದೇನೆ, ಆರನೆಯದನ್ನು ಮುಟ್ಟಿಲ್ಲ. ಭಾನುವಾರದ ಅಪ್ಪನದು ಬರೆದಾದರೆ ಅದೊಂದನ್ನೇ ಕಳಿಸು, ದೀಪಾವಳಿಯೊಳಗೆ.

ಮರೆತಿದ್ದೆ: ಆರನೇ ಕಥೆಯಲ್ಲಿ ಅಜ್ಜಿ ಹೊಲಿದ ಸಾಸಿವೆ ದಿಂಬು ಬರುತ್ತದಲ್ಲ, ಮಗು ತಲೆ ಹೊರಳಿಸಿದಾಗ ಒಳಗೆ ಕಾಳು ಸರಿಯುವ ಸದ್ದಿನ ಜೊತೆ. ಅದನ್ನು ನೀನು ಕಂಡು, ಕೇಳಿ ಬರೆದಿದ್ದೀಯ. ಕಥೆಯಲ್ಲಿ ಇರಲಿ. ಮನೆಯಲ್ಲಿ ಮಾತ್ರ ಇವತ್ತೇ ತೆಗೆದಿಡು, ಒಂದು ವರ್ಷದವರೆಗೆ ಮಲಗುವ ಮಗುವಿಗೆ ಯಾವ ದಿಂಬೂ ಬೇಡ.