ಸರ್ವರ್ ಬಿದ್ದಾಗ ಬಟನ್ ಒತ್ತಬೇಡಿ

ಮಾನ್ಯ ಸಂಪಾದಕರೇ,

'ಸರ್ವರ್ ಡೌನ್, ನಾಳೆ ಬನ್ನಿ' ಅಂತ ಜನರನ್ನ ವಾಪಸ್ ಕಳಿಸೋ ಸುದ್ದಿ ಪೇಪರಲ್ಲಿ ಆಗಾಗ ಬರ್ತಾನೇ ಇರತ್ತೆ, ಆದ್ರೆ ಯಾಕೆ ಡೌನ್ ಆಯ್ತು ಅನ್ನೋದು ಮಾತ್ರ ಬರಲ್ಲ, ಎಷ್ಟೋ ಕಡೆ ಅದು ನಿಜವಾಗ್ಲೂ ಯಾರಿಗೂ ಗೊತ್ತಿರಲ್ಲ. ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಸರ್ವರ್ ನೋಡ್ಕೊಳ್ಳೋದೇ ನನ್ನ ಕೆಲಸ, ಅದಕ್ಕೇ ಈ ಪತ್ರ.

ಹೋದ ಮಳೆಗಾಲದಲ್ಲಿ ಒಂದು ಸಹಕಾರಿ ಸಂಘದ ಸರ್ವರ್ ಮೂರು ಸಲ ಬಿತ್ತು. ಮೂರು ಸಲಾನೂ ಸ್ಕ್ರೀನ್ ತುಂಬಾ ಬಿಳಿ ಅಕ್ಷರ ಓಡೋದು ನೋಡಿ ಅಲ್ಲಿನ ಹುಡುಗ ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿದಿದ್ದ. ಪಾಪ, ಅವನಿಗೆ ಯಾರೂ ಹೇಳಿರ್ಲಿಲ್ಲ. ಆ ಹೊತ್ತಲ್ಲೇ ಮಷಿನ್ ತಾನು ಯಾಕೆ ಬಿದ್ದೆ ಅಂತ ಬರೆದಿಡ್ತಾ ಇರತ್ತೆ.

ಲಿನಕ್ಸಲ್ಲಿ ಹೀಗೆ ಬರೆದಿಡೋ ವ್ಯವಸ್ಥೆಗೆ ಕೆಡಂಪ್ ಅಂತಾರೆ. ಕರ್ನಲ್, ಅಂದ್ರೆ ಸಿಸ್ಟಮ್ಮಿನ ತಿರುಳು, ಪ್ಯಾನಿಕ್ ಆದ್ಮೇಲೆ (ಮುಂದೆ ಹೋಗಲಾಗದ ತಪ್ಪಾಗಿ ನಿಂತ್ಮೇಲೆ) ಅದರ ಡಿಸ್ಕ್ ಡ್ರೈವರನ್ನೇ (ಡಿಸ್ಕ್ ನಡೆಸೋ ಪ್ರೋಗ್ರಾಂ) ನಂಬೋ ಹಾಗಿಲ್ಲ, ಅದಕ್ಕೆ ಬೂಟ್ ಆಗುವಾಗಲೇ ಮೆಮೊರೀಲಿ ಒಂದು ಮೂಲೆ ಮೀಸಲಿಟ್ಟು ಅಲ್ಲಿ ಇನ್ನೊಂದು ಕರ್ನಲ್ ರೆಡಿ ಇಟ್ಟಿರ್ತಾರೆ, ಮೊದಲನೇದು ಬಿದ್ದ ಕೂಡ್ಲೆ ಬಯಾಸ್‌ಗೂ (ಮಷಿನ್ ಆನ್ ಆದಾಗ ಮೊದಲು ಓಡೋ ಪ್ರೋಗ್ರಾಂ) ಹೋಗದೆ ಇದು ಸ್ಟಾರ್ಟ್ ಆಗಿ ಹಳೇ ಮೆಮೊರಿನ ಇದ್ದ ಹಾಗೇ ಓದಿ ಡಿಸ್ಕಿಗೆ ಬರೆದು ಆಮೇಲೆ ರೀಬೂಟ್ ಮಾಡತ್ತೆ. 2005ರಲ್ಲಿ ಲಿನಕ್ಸ್ 2.6.13 ಜೊತೆ ಬಂದಿದ್ದು, ಬೆಂಗಳೂರಿನ ಐಬಿಎಂ ಇಂಜಿನಿಯರ್‌ಗಳೂ ಇದಕ್ಕೆ ದುಡಿದಿದಾರೆ, ಅದು ನನಗೆ ಹೆಮ್ಮೆ. ವಿಂಡೋಸ್ ಬಿದ್ದಾಗ ಸ್ಕ್ರೀನ್ ಮೇಲೆ ಪರ್ಸೆಂಟ್ ಏರತ್ತಲ್ಲ, ಅದೂ ಇಂಥದ್ದೇ, ಪೇಜ್‌ಫೈಲಿಗೆ (ಮೆಮೊರಿ ಸಾಲದಾಗ ಬಳಸೋಕೆ ಡಿಸ್ಕಲ್ಲಿಟ್ಟ ಫೈಲ್) ಬರೆದು ಮುಂದಿನ ಸಲ ಆನ್ ಆದಾಗ ಡಂಪ್ ಫೈಲ್ ಮಾಡಿ ಎತ್ತಿಡತ್ತೆ.

ನಾಲ್ಕನೇ ಸಲ ಬಿದ್ದಾಗ ಹುಡುಗ ನನಗೆ ಫೋನ್ ಮಾಡಿದ, 'ಮುಟ್ಟಬೇಡಪ್ಪ, ಸುಮ್ನೆ ಕೂತ್ಕೋ' ಅಂದೆ. 64 ಜಿಬಿ ರ‍್ಯಾಮ್, ಮೆಮೊರಿಯ ಖಾಲಿ ಪೇಜ್‌ಗಳನ್ನ (ಚಿಕ್ಕ ಚಿಕ್ಕ ತುಂಡುಗಳನ್ನ) ಬಿಟ್ಟು ಬರೆಯೋದ್ರಿಂದ ಕೆಲವೇ ನಿಮಿಷದಲ್ಲಿ ಮುಗೀತು. ಕ್ರ್ಯಾಶ್ ಅನ್ನೋ ಟೂಲಲ್ಲಿ ಆ ಫೈಲ್ ತೆಗೆದು ಬಿಟಿ (ಬೀಳೋ ಮುಂಚೆ ಏನೇನು ಓಡ್ತಿತ್ತು ಅಂತ ತೋರಿಸೋ ಕಮಾಂಡ್) ಅಂತ ಹೊಡೆದ್ರೆ ಆ ಪಟ್ಟಿಯಲ್ಲೇ ರೇಡ್ ಕಾರ್ಡಿನ (ಹಲವು ಡಿಸ್ಕ್‌ಗಳನ್ನ ಒಟ್ಟಿಗೆ ನಡೆಸೋ ಕಾರ್ಡ್) ಡ್ರೈವರ್ ಹೆಸರು! ಅದನ್ನ ಅಪ್‌ಡೇಟ್ ಮಾಡಿದ್ಮೇಲೆ ಇವತ್ತಿನವರೆಗೂ ಬಿದ್ದಿಲ್ಲ.

ಸರ್ವರ್ ಹ್ಯಾಂಡೋವರ್ ತಗೊಳ್ಳೋ ಅಧಿಕಾರಿಗಳಲ್ಲಿ ನನ್ನ ವಿನಂತಿ, ಕೆಡಂಪ್ ಆನ್ ಇದೆಯಾ ಅಂತ ಬರೀ ಬಾಯಲ್ಲಿ ಕೇಳಬೇಡಿ, ನಿಮ್ಮ ಎದುರಿಗೇ ಒಂದ್ಸಲ ಬೇಕಂತಲೇ ಕ್ರ್ಯಾಶ್ ಮಾಡಿಸಿ ಫೈಲ್ ಬಂತಾ ನೋಡಿ. ಗ್ರಬ್‌ನಲ್ಲಿ (ಲಿನಕ್ಸನ್ನ ಶುರು ಮಾಡೋ ಪ್ರೋಗ್ರಾಂ) ಮೆಮೊರಿ ಮೀಸಲಿಡೋ ಒಂದು ಸಾಲು ಹಾಕದೆ ಮೊದಲ ದಿನದಿಂದಲೂ ಆ ಸರ್ವಿಸ್ ಫೇಲ್ ಆಗಿ ಕೂತಿದ್ದನ್ನ ನಾನೇ ನೋಡಿದೀನಿ. ಡಿಸ್ಕಲ್ಲಿ ಜಾಗ ಇದೆಯಾ ಅದನ್ನೂ ನೋಡಿ. ಮತ್ತೆ ರ‍್ಯಾಕ್ ಮೇಲೆ ಒಂದು ಚೀಟಿ ಅಂಟಿಸಿ, ಆ ಸಂಘದಲ್ಲಿ ಹುಡುಗನೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದಾನೆ: 'ಅಕ್ಷರ ಓಡ್ತಿದ್ರೆ ಬಟನ್ ಮುಟ್ಟಬೇಡಿ, ಫೋನ್ ಮಾಡಿ.'

— ಒಬ್ಬ ಸಿಸ್ಟಮ್ ಅಡ್ಮಿನ್, ಹುಬ್ಬಳ್ಳಿ